ಬೆಂಚಿನ ಮೇಲಿನ ಹುಡುಗನ ವಿಕ್ರಯ

ವಿದ್ಯಾನಗರದ ಕಟ್ಟೆಗಳಲ್ಲಿ ನನ್ನ ಹಳೆಯ ಶಿಷ್ಯರದು ಒಂದೇ ವಾದ: ಕೆ.ಎಲ್. ರಾಹುಲರನ್ನು ಬೆಂಗಳೂರು ತಂಡಕ್ಕೆ ಮರಳಿ ತರಲು ಯಾರನ್ನು ಕೊಡಬೇಕು? ಇಂಥ ವಿನಿಮಯ ಹೊಸದಲ್ಲ. 2009ರಲ್ಲೇ ಜಹೀರ್ ಖಾನರನ್ನು ಮುಂಬೈಗೆ ಕೊಟ್ಟು ನಮ್ಮ ರಾಬಿನ್ ಉತ್ತಪ್ಪನವರನ್ನು ತಂದರು. ಐಪಿಎಲ್‌ನಲ್ಲಿ ಆಟಗಾರನ ಒಪ್ಪಿಗೆಯನ್ನಾದರೂ ಕೇಳುತ್ತಾರೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪದ್ಧತಿಯೇ ಇಲ್ಲಿಗೂ ಬರಲೆಂದರೆ ಮಾತ್ರ ನಾನು ಒಪ್ಪೆನು. 2025ರಲ್ಲಿ ಡಲ್ಲಾಸ್ ತಂಡವು ಲೂಕಾ ಡಾನ್ಚಿಚ್‌ರನ್ನು ಲಾಸ್ ಏಂಜಲೀಸ್‌ಗೆ ಬಿಟ್ಟುಕೊಟ್ಟು, ಆಂಥೊನಿ ಡೇವಿಸರ ಜೊತೆಗೆ 2029ರಲ್ಲಿ ಹೊಸಬನೊಬ್ಬನನ್ನು ಆರಿಸಿಕೊಳ್ಳುವ ಹಕ್ಕನ್ನೂ ಪಡೆಯಿತು. ಆ ಹೊಸಬ ಅಂದು ಹತ್ತನೆಯ ತರಗತಿಯ ಬೆಂಚಿನ ಮೇಲಿದ್ದಿರಬಹುದು! ಅಂಥ ಬೆಂಚುಗಳೆದುರು ಆಯುಷ್ಯ ಸವೆಸಿದವನು ಕೇಳುತ್ತೇನೆ: ಭದ್ರಾವತಿಯಲ್ಲಿ ಜನಿಸಿದ ಜಿ.ಆರ್. ವಿಶ್ವನಾಥರು 1967ರಲ್ಲಿ ರಣಜಿಯ ಚೊಚ್ಚಲ ಪಂದ್ಯದಲ್ಲೇ 230 ಓಟ ಗಳಿಸಿದರು. ಅದರ ಹಿಂದಿನ ವರ್ಷ ಅವರನ್ನು ನೀವು ಯಾರಿಗೆ ಸಮನೆಂದು ತೂಗುತ್ತಿದ್ದಿರಿ?