ಅಟ್ಟದ ಮೇಲಿನ ಕಡತ

ಅರಸರ ಚರಿತ್ರೆಯನ್ನು ಕಲ್ಲು ಕಾಪಾಡಿತು. ರೈತನ ಚರಿತ್ರೆಯನ್ನು ಅವನ ಮನೆಯವರೇ ಕಾಪಾಡಬೇಕು. ಹಾನುಬಾಳಿನ ಸುತ್ತಣ ಮಲೆನಾಡು ಈ ಮಾತಿಗೆ ಸಾಕ್ಷಿಯಾಗಿದೆ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಭೂಮಿಯನ್ನು ದತ್ತಿ ಬಿಟ್ಟವರ ಹೆಸರುಗಳು ಅಲ್ಲಿ ಉಳಿದಿವೆ. ಅದನ್ನು ಉತ್ತವನ ಮಾತು ಅಲ್ಲಿ ಅಪರೂಪ.

ಹತ್ತೊಂಬತ್ತನೆಯ ಶತಮಾನದ ಮಂಜರಾಬಾದಿನ, ಎಂದರೆ ಇಂದಿನ ಸಕಲೇಶಪುರ ಸೀಮೆಯ ಬಾಳನ್ನು ಅರಿಯಲು ಆರ್. ಎಚ್. ಎಲಿಯಟ್ ಎಂಬ ಕಾಫಿ ತೋಟಗಾರನು 1871 ಮತ್ತು 1894ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥಗಳು ನೆರವಾಗುತ್ತವೆ. ಆದರೆ ಅವು ತೋಟದ ಒಡೆಯನ ಕಣ್ಣಿಗೆ ಕಂಡ ಮಲೆನಾಡು. ಗದ್ದೆಯ ಬದುವಿನ ಮೇಲೆ ನಿಂತವನು ಕಂಡ ಮಲೆನಾಡು ಬೇರೆ.

ಅವನು ಏನನ್ನೂ ಬರೆದಿಡಲಿಲ್ಲವೆ? ದಿನಚರಿ ಎಂಬ ಹೆಸರಿನಿಂದ ಬರೆಯದಿರಬಹುದು. ಆದರೆ ಕನ್ನಡ ನಾಡಿನಲ್ಲಿ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಸವರಿ ಒಣಗಿಸಿ, ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕಂದಾಯ, ಗೇಣಿ, ಭತ್ತದ ಖಂಡುಗ ಕೊಳಗಗಳ ಲೆಕ್ಕ, ಕೊಟ್ಟ ತಂದ ಸಾಲ, ಇಂಥವು ಅದರಲ್ಲಿ ದಾಖಲಾಗುತ್ತಿದ್ದವು.

ಬರಿಯ ಲೆಕ್ಕದಲ್ಲಿ ಚರಿತ್ರೆ ಎಲ್ಲಿಯದು ಎಂದು ಕೆಲವರು ಕೇಳಬಹುದು. ಬಿತ್ತನೆಯ ಭತ್ತವನ್ನೇ ಕಡ ತಂದನೆಂಬ ಒಂದು ಪಂಕ್ತಿಯ ಹಿಂದೆ ಕೈಕೊಟ್ಟ ಬೆಳೆಯ ಕಥೆಯೇ ಅಡಗಿರಬಹುದು. ಶೃಂಗೇರಿ ಮಠದ ಕಡತಗಳು ಉಳಿದುದರಿಂದಲೇ ಎ. ಕೆ. ಶಾಸ್ತ್ರಿ ಅವರಂಥ ವಿದ್ವಾಂಸರು ಅವನ್ನು ಓದಿ ನಾಡಿನ ಚರಿತ್ರೆಗೆ ಬೆಳಕು ತರಲು ಸಾಧ್ಯವಾಯಿತು. ಮಠಕ್ಕೆ ಭಂಡಾರವಿತ್ತು, ರೈತನಿಗೆ ಇದ್ದುದು ಅಟ್ಟ ಮಾತ್ರ.

ಆ ಅಟ್ಟದ ಮೇಲೆ ಗೆದ್ದಲಿದೆ, ಮಳೆಗಾಲದ ತೇವವಿದೆ. ಇವೆರಡಕ್ಕಿಂತಲೂ ದೊಡ್ಡ ಶತ್ರು ಅಜ್ಞಾನ. ಹಳೆಯ ಮನೆಯನ್ನು ಕೆಡವುವಾಗ ಕಡತವು ಕಸದೊಡನೆ ಬೆಂಕಿಗೆ ಬೀಳುತ್ತದೆ. ಧೂಳು ತೆಗೆಯಲೆಂದು ಒದ್ದೆ ಬಟ್ಟೆಯಿಂದ ಒರೆಸಿದರೂ ಸಾಕು, ಬಳಪದ ಅಕ್ಷರ ಅಳಿದುಹೋಗುತ್ತದೆ.

ಕಡತವನ್ನು ಪತ್ರಾಗಾರಕ್ಕೆ ಒಪ್ಪಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಅಂದಿನ ಬರಹಗಳಲ್ಲಿ ಕಾಲವನ್ನು ಸಂವತ್ಸರದ ಹೆಸರಿನಿಂದ ಗುರುತಿಸುವುದು ವಾಡಿಕೆ; ಆ ಹೆಸರು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. ಬರೆದವನು ಯಾರ ಅಜ್ಜ, ಯಾವ ಗದ್ದೆಯ ಒಕ್ಕಲು ಎಂಬುದನ್ನು ಮನೆಯ ಹಿರಿಯರು ತಿಳಿಸದಿದ್ದರೆ ‘ಪ್ರಭವ’ವು 1807ನೆಯ ಇಸವಿಯೋ 1867ನೆಯ ಇಸವಿಯೋ ಎಂದು ನಿರ್ಣಯಿಸುವುದೇ ಕಷ್ಟ. ಆದುದರಿಂದ ಕಡತದ ಛಾಯಾಚಿತ್ರದೊಡನೆ ಹಿರಿಯರ ನೆನಪನ್ನೂ ಬರೆದಿಡಬೇಕು. ಅಕ್ಷರ ಉಳಿದು ನೆನಪು ಅಳಿದರೆ ರೈತನು ಚರಿತ್ರೆಯಲ್ಲಿ ಮತ್ತೊಮ್ಮೆ ಅನಾಮಿಕನಾಗುತ್ತಾನೆ.