ಹುಲ್ಲು ಕೊಯ್ಯುವ ಯಂತ್ರವೂ ದುಡಿಯುವವನ ತೋಳೂ

ಬೋನಸ್ಸು, ಬಾಡಿಗೆ, ಪಿಂಚಣಿಗಳ ಮಾತು ಬಿಟ್ಟು ಹುಲ್ಲಿನ ಮೇಲೆ ಬರೆಯಲು ಹೊರಟಿರೇನು ಎಂದು ವಾಚಕರು ನಗಬಹುದು. ನಗಲಿ. ಆದರೆ ಹುಲ್ಲು ಕೊಯ್ಯುವವನೂ ನಮ್ಮಂತೆ ದುಡಿಯುವವನೇ; ಆ ಯಂತ್ರದ ಸದ್ದಿಗೆ ನಿದ್ದೆ ಕಳೆದುಕೊಳ್ಳುವವನೂ ನಮ್ಮವನೇ. ಇಬ್ಬರು ಬಡವರ ನಡುವೆ ಒಂದು ಯಂತ್ರ ಬಂದು ನಿಂತಾಗ ಅದರ ಮಾತನ್ನು ಈ ಪುಟದಲ್ಲಿ ಆಡದೆ ಇನ್ನೆಲ್ಲಿ ಆಡಬೇಕು?

ಬಾಂದ್ರಾದ ಪಾಲಿ ಹಿಲ್, ಬ್ಯಾಂಡ್‌ಸ್ಟ್ಯಾಂಡ್, ಕಾರ್ಟರ್ ರೋಡುಗಳ ಕಡೆ ಕೆಲಸಕ್ಕೆ ಹೋಗುವವರು ನೋಡಿಯೇ ಇರುತ್ತೀರಿ. ತೋಟವಿದ್ದ ಹಳೆಯ ಬಂಗಲೆಗಳು ಒಂದೊಂದಾಗಿ ಹೋಗಿ ಆ ಜಾಗದಲ್ಲಿ ಮುಗಿಲು ಮುಟ್ಟುವ ಕಟ್ಟಡಗಳು ಎದ್ದಿವೆ. ಆದರೂ ಕಾಂಪೌಂಡಿನ ಒಂದು ಮೂಲೆಯಲ್ಲಿ, ಹೊಟೇಲಿನ ಬಾಗಿಲ ಮುಂದೆ, ಅಂಗೈಯಗಲದ ಹುಲ್ಲುಹಾಸನ್ನು ಉಳಿಸಿಕೊಂಡಿದ್ದಾರೆ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ ಇದ್ದರೆ ದೊಡ್ಡದೆನ್ನಬೇಕು. ಇಷ್ಟನ್ನು ಕೊಯ್ಯಲು ಈಗ ಕಂತ್ರಾಟುದಾರನ ಆಳು ಪೆಟ್ರೋಲಿನ ಯಂತ್ರವನ್ನು ಹೆಗಲಿಗೆ ತೂಗುಹಾಕಿಕೊಂಡು ಬರುತ್ತಾನೆ. ಬ್ರಷ್ ಕಟ್ಟರ್ ಎಂದು ಅದರ ಹೆಸರು. ತುದಿಯಲ್ಲಿ ತಿರುಗುವ ನೈಲಾನ್ ದಾರ ಹುಲ್ಲನ್ನು ಕತ್ತರಿಸುವುದಿಲ್ಲ, ಹೊಡೆದು ಹರಿಯುತ್ತದೆ. ಕಲ್ಲು ಚಿಮ್ಮುತ್ತದೆ, ಹೊಗೆ ಮುಖಕ್ಕೆ ಬಡಿಯುತ್ತದೆ, ಸದ್ದು ಓಣಿಯ ಆ ಕೊನೆಯವರೆಗೆ ಹೋಗುತ್ತದೆ. ಇಂಥ ಯಂತ್ರದ ನಡುಕವನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದವರ ಬೆರಳು ಬಿಳಿಚಿ ಮರಗಟ್ಟುವ ರೋಗಕ್ಕೆ ಒಳಗಾಗುತ್ತದೆ ಎಂಬುದು ವೈದ್ಯರಿಗೆ ತಿಳಿದ ಸಂಗತಿ.

ಹಗಲು ಹೊತ್ತಿನಲ್ಲಿ ಸದ್ದಾದರೆ ಯಾರಿಗೇನು ನಷ್ಟ ಎನ್ನುವವರಿದ್ದಾರೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳೂ ಹಾಗೆಯೇ ಎಣಿಸಿವೆ. ವಾಸದ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45; ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು. ಕಾನೂನಿನ ಗಡಿಯಾರಕ್ಕೆ ಇದು ಸರಿ. ನಮ್ಮ ಗಡಿಯಾರವೇ ಬೇರೆ. ನಸುಕಿನಲ್ಲಿ ಎದ್ದು ಹಿಟ್ಟು ಕಲಸಿ, ಮಧ್ಯಾಹ್ನದ ಊಟದ ಗದ್ದಲ ಮುಗಿಸಿ, ಮೂರು ಗಂಟೆಗೆ ಮಾಳಿಗೆಯ ಮೇಲೆ ಚಾಪೆ ಬಿಡಿಸುವ ಹೊಟೇಲಿನ ಹುಡುಗನಿಗೆ ರಾತ್ರಿಯಾಗುವುದು ಆಗಲೇ. ರಾತ್ರಿಯೆಲ್ಲ ಗೇಟು ಕಾಯ್ದ ಕಾವಲುಗಾರನಿಗೆ ಬೆಳಗಿನ ಒಂಬತ್ತು ಗಂಟೆಯೇ ನಡುರಾತ್ರಿ. ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲಿನ ನಿದ್ದೆಯನ್ನು ಯಾವ ಕಾನೂನೂ ಕಾಯುವುದಿಲ್ಲ. ಅದನ್ನು ನಾವು ನಾವೇ ಕಾಯಬೇಕು.

ಇದಕ್ಕೆ ಒಂದು ಹಳೆಯ ಸಾಧನವಿದೆ. ಎರಡು ಚಕ್ರ, ಒಂದು ಹಿಡಿ, ನಡುವೆ ಸುರುಳಿಯಾಗಿ ಬಾಗಿದ ಐದೋ ಆರೋ ಅಲಗುಗಳ ಉರುಳೆ, ಅದರ ಕೆಳಗೆ ಅಲುಗಾಡದ ಒಂದು ಉಕ್ಕಿನ ಪಟ್ಟಿ. ತಳ್ಳಿದರೆ ಚಕ್ರ ತಿರುಗಿ, ಹಲ್ಲುಗಾಲಿಯ ಮೂಲಕ ಉರುಳೆಯನ್ನು ಚಕ್ರಕ್ಕಿಂತ ವೇಗವಾಗಿ ತಿರುಗಿಸುತ್ತದೆ. ಉರುಳೆಯ ಅಲಗು ಹುಲ್ಲನ್ನು ಎಳೆದು ತಂದು ಪಟ್ಟಿಗೆ ಒತ್ತುತ್ತದೆ. ಕತ್ತರಿಯ ಎರಡು ಬಾಯಿಗಳ ನಡುವೆ ಸಿಕ್ಕಿದಂತೆ ಹುಲ್ಲು ಕಚಕ್ಕನೆ ತುಂಡಾಗುತ್ತದೆ. ಪೆಟ್ರೋಲಿಲ್ಲ, ಹೊಗೆಯಿಲ್ಲ, ಹೊಲಿಗೆಯಂತ್ರದಷ್ಟು ಸದ್ದು. ಸಣ್ಣ ಹುಲ್ಲುಹಾಸಿಗೆ ಇದೇ ಸಾಕು, ಇದೇ ಬೇಕು ಎಂಬುದು ನಮ್ಮ ಮತ. ಆದರೆ ಒಂದು ಷರತ್ತಿನ ಮೇಲೆ. ಆ ಷರತ್ತನ್ನು ಹೇಳುವ ಮೊದಲು ಈ ಯಂತ್ರದ ಹುಟ್ಟನ್ನು ಹೇಳಬೇಕು. ಏಕೆಂದರೆ ಇದು ಗಿರಣಿಯ ಮಗು.

ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿ ಸ್ಟ್ರೌಡ್ ಎಂಬ ಊರಿದೆ. ಉಣ್ಣೆ ಬಟ್ಟೆಯ ಗಿರಣಿಗಳಿಗೆ ಹೆಸರಾದ ಊರು. ನೇಯ್ದು ತೊಳೆದ ಉಣ್ಣೆ ಬಟ್ಟೆಯ ಮೇಲೆ ಏಳುವ ಜುಂಗನ್ನು ಒಂದೇ ಸಮನಾಗಿ ಕತ್ತರಿಸಿ ನುಣುಪು ಮಾಡಲು ಅಲ್ಲಿ ಅಲಗಿನ ಉರುಳೆಯ ಯಂತ್ರವಿತ್ತು. ನಮ್ಮ ಗಿರಣಿಗಳ ಫಿನಿಶಿಂಗ್ ಖಾತೆಯಲ್ಲಿ ಶಿಯರಿಂಗ್ ಮಷೀನ್ ನೋಡಿದವರಿಗೆ ಅದರ ರೂಪ ಕಣ್ಣಿಗೆ ಕಟ್ಟೀತು. ಎಡ್ವಿನ್ ಬಡಿಂಗ್ ಎಂಬ ಮೆಕ್ಯಾನಿಕ್ ಈ ಯಂತ್ರವನ್ನು ನೋಡಿ, ಬಟ್ಟೆಯ ಜುಂಗನ್ನು ಕೊಯ್ಯುವುದು ನೆಲದ ಹುಲ್ಲನ್ನೇಕೆ ಕೊಯ್ಯಬಾರದು ಎಂದು ಯೋಚಿಸಿದನು. 1830ರಲ್ಲಿ ಪೇಟೆಂಟು ಪಡೆದನು. ಅಲ್ಲಿಯವರೆಗೆ ಶ್ರೀಮಂತರ ಹುಲ್ಲುಹಾಸನ್ನು ಆಳುಗಳು ಉದ್ದ ಕುಡುಗೋಲಿನಿಂದ, ಇಬ್ಬನಿ ಆರುವ ಮೊದಲೇ, ಸೊಂಟ ತಿರುಗಿಸಿ ತಿರುಗಿಸಿ ಕೊಯ್ಯುತ್ತಿದ್ದರು. ಒಣಗಿದ ಹುಲ್ಲು ಕುಡುಗೋಲಿಗೆ ಸರಿಯಾಗಿ ಸಿಕ್ಕುತ್ತಿರಲಿಲ್ಲ. ಹೊಸ ಯಂತ್ರಕ್ಕೆ ಒಣಹುಲ್ಲೇ ಒಳ್ಳೆಯದಾಯಿತು. ಹೊತ್ತು ಹುಟ್ಟುವ ಮುಂಚೆ ಏಳುವ ಕಷ್ಟ ತಪ್ಪಿತು.

ಆದರೆ ಗಿರಣಿಯೊಳಗಿನ ಕತೆ ಇಷ್ಟು ಸುಖದ್ದಲ್ಲ. ಭಾರಿ ಕತ್ತರಿ ಹಿಡಿದು ಕೈಯಿಂದಲೇ ಜುಂಗು ಕತ್ತರಿಸುವ ಕಸುಬಿನವರು ಆ ದೇಶದಲ್ಲಿ ಸಾವಿರಾರು ಮಂದಿ ಇದ್ದರು. ಅದೇ ಕೆಲಸಕ್ಕೆ ಮೊದಲ ಯಂತ್ರಗಳು ಬಂದಾಗ ಯಾರ್ಕ್‌ಶೈರಿನಲ್ಲಿ 1812ರಲ್ಲಿ ಅವರು ರಾತ್ರಿಯ ಹೊತ್ತು ಸುತ್ತಿಗೆ ಹಿಡಿದು ಯಂತ್ರಗಳನ್ನು ಒಡೆದರು. ಸರಕಾರ ಸೈನ್ಯ ಕಳಿಸಿತು. 1813ರ ಜನವರಿಯಲ್ಲಿ ಯಾರ್ಕಿನಲ್ಲಿ 17 ಮಂದಿಯನ್ನು ಗಲ್ಲಿಗೇರಿಸಿದರು. ಅದೇ ಕಸುಬಿನ ಯಂತ್ರ ಕುಡುಗೋಲಿನವನ ಸೊಂಟ ಉಳಿಸಿತು, ಕತ್ತರಿಯವನ ಅನ್ನ ಕಸಿಯಿತು. ಆದುದರಿಂದ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಸರಿಯಲ್ಲ. ಅದು ಯಾರ ಭಾರ ಇಳಿಸುತ್ತದೆ, ಇಳಿಸಿದ ಭಾರವನ್ನು ಯಾರ ತಲೆಯ ಮೇಲೆ ಹೊರಿಸುತ್ತದೆ ಎಂದು ಕೇಳಬೇಕು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರವನ್ನೂ, ಆಮೇಲೆ ಪರೇಲು, ಲಾಲ್‌ಬಾಗ್‌ಗಳ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನೂ ಕಂಡ ನಮ್ಮವರಿಗೆ ಈ ಪ್ರಶ್ನೆ ಪುಸ್ತಕದ್ದಲ್ಲ. ಸಾಂಚಾ ನಡೆಸಿದ ಕೈಗಳು ಆಮೇಲೆ ತರಕಾರಿ ಮಾರಿದವು, ಕಾವಲುಗಾರನ ಲಾಠಿ ಹಿಡಿದವು.

ಈಗ ಷರತ್ತಿಗೆ ಬರೋಣ. ಇಪ್ಪತ್ತು ಅಡಿ, ಮೂವತ್ತು ಅಡಿಯ ಜಾಗವನ್ನೇ ಲೆಕ್ಕ ಹಾಕಿ. ಹನ್ನೆರಡು ಅಂಗುಲದ ತಳ್ಳುಯಂತ್ರದಲ್ಲಿ, ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಎರಡಂಗುಲ ಹಾಯುವಂತೆ ಕೊಯ್ದರೆ ಇಪ್ಪತ್ತನಾಲ್ಕು ಸಾಲು. ಒಟ್ಟು ನಡಿಗೆ 720 ಅಡಿ, ಅಂದರೆ ಸುಮಾರು 220 ಮೀಟರು. ಹನ್ನೆರಡು ಡಬ್ಬಿಯ ಲೋಕಲ್ ಗಾಡಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಷ್ಟೂ ಆಗಲಿಲ್ಲ. ಯಂತ್ರ ಹದವಾಗಿದ್ದರೆ ಇದು ಬೆವರು ಬಾರದ ಕೆಲಸ. ಅಲಗು ಮೊಂಡಾಗಿದ್ದರೆ? ಒಂದೇ ಸಾಲನ್ನು ನಾಲ್ಕು ಸಲ ತಳ್ಳಬೇಕು. ಹೊಟ್ಟೆಗೆ ಹಿಡಿ ಗುದ್ದುತ್ತದೆ, ತೋಳು ಬೀಳುತ್ತದೆ, ಹುಲ್ಲು ಹರಿದು ತುದಿ ಕೆಂಪಾಗುತ್ತದೆ. ಆಗ ಬಾಲ್ಕನಿಯಿಂದ ಮಾತು ಬರುತ್ತದೆ: ಮಾಲಿ ಸೋಮಾರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಕೆಲಸ ಕೊಡುವವರು ಬೇಗ ಹೇಳುತ್ತಾರೆ. ನೆಲವೇ ಡೊಂಕಾಗಿದ್ದರೆ ಏನು ಹೇಳುತ್ತಾರೋ ತಿಳಿಯದು. ಮೊಂಡ ಚೂರಿಯಲ್ಲಿ ಹತ್ತು ಕಿಲೋ ಈರುಳ್ಳಿ ಹೆಚ್ಚಿದ ಹೊಟೇಲಿನವರು ಈ ಅನ್ಯಾಯವನ್ನು ಚೆನ್ನಾಗಿ ಬಲ್ಲರು. ಸಾಣೆಗೆ ಕೊಡಬೇಕಾದ ಹಣವನ್ನು ಉಳಿಸುವವನು ಅದನ್ನು ದುಡಿಯುವವನ ತೋಳಿನಿಂದ ವಸೂಲು ಮಾಡುತ್ತಾನೆ. ಇದೇ ನಮ್ಮ ಷರತ್ತು: ಕೈಯಂತ್ರ ಕೊಡುವವನು ಹರಿತವಾದ ಕೈಯಂತ್ರವನ್ನೇ ಕೊಡಬೇಕು.

ಹರಿತವೋ ಅಲ್ಲವೋ ಎಂದು ತಿಳಿಯುವುದು ಸುಲಭ. ಯಂತ್ರವನ್ನು ಅಲ್ಲಾಡದಂತೆ ನಿಲ್ಲಿಸಿ, ಪತ್ರಿಕೆಯ ಒಂದು ಚೂರನ್ನು (ಈ ಪತ್ರಿಕೆಯಾದರೂ ಸರಿ, ಓದಿದ ಮೇಲೆ) ಉರುಳೆಗೂ ಪಟ್ಟಿಗೂ ನಡುವೆ ಹಿಡಿದು, ಬೆರಳು ದೂರವಿಟ್ಟು ಉರುಳೆಯನ್ನು ಮೆಲ್ಲಗೆ ತಿರುಗಿಸಿರಿ. ಪಟ್ಟಿಯ ಉದ್ದಕ್ಕೂ ಎಲ್ಲ ಕಡೆ ಕಾಗದ ನೀಟಾಗಿ ತುಂಡಾಗಬೇಕು. ಮಡಿಚಿಕೊಂಡರೆ ನಡುವೆ ಸಂದಿಯಿದೆ. ಎರಡು ಬದಿಯ ತಿರುಪುಗಳನ್ನು ಕಾಲು ಸುತ್ತು ಕಾಲು ಸುತ್ತಾಗಿ ಬಿಗಿಮಾಡಬೇಕು. ಹೆಚ್ಚು ಬಿಗಿದರೆ ಕಬ್ಬಿಣ ಕಬ್ಬಿಣವನ್ನೇ ತಿಂದು ಯಂತ್ರ ಭಾರವಾಗುತ್ತದೆ. ತಿರುಪಿನಿಂದ ಸರಿಹೋಗದಿದ್ದರೆ ಸಾಣೆ. ಎಂಜಿನಿನ ವಾಲ್ವು ಉಜ್ಜುವ ಪೇಸ್ಟನ್ನು ಅಲಗಿಗೆ ಹಚ್ಚಿ ಉರುಳೆಯನ್ನು ಹಿಂದುಮುಂದಾಗಿ ತಿರುಗಿಸಿದರೆ ಹದ ಬರುತ್ತದೆ. ಕೆಲಸವಾದ ಮೇಲೆ ಒರೆಸಿ ಎಣ್ಣೆ ಬಿಡಬೇಕು; ಬಾಂದ್ರಾದ ಕಡಲಗಾಳಿಯಲ್ಲಿ ಉಪ್ಪಿದೆ, ಒರೆಸದ ಅಲಗು ಬಲುಬೇಗ ತುಕ್ಕು ಹಿಡಿಯುತ್ತದೆ. ತಳ್ಳುವ ಮೊದಲು ಕಲ್ಲು, ತಂತಿ, ಸೋಡಾ ಬಾಟಲಿಯ ಮುಚ್ಚಳಗಳನ್ನು ಹೆಕ್ಕಬೇಕು. ಮುಖ್ಯವಾದ ಮಾತು: ಏನಾದರೂ ಸಿಕ್ಕಿಕೊಂಡರೆ ಕೋಲಿನಿಂದ ತೆಗೆಯಿರಿ, ಬೆರಳು ಹಾಕಬೇಡಿ. ಎಂಜಿನಿಲ್ಲದಿದ್ದರೇನು, ಒಂದು ಅಲಗು ಸರಿದರೆ ಎಲ್ಲವೂ ಸರಿಯುತ್ತವೆ.

ಈ ಯಂತ್ರಕ್ಕೆ ಮಿತಿಯಿಲ್ಲವೆಂದು ನಾವು ಹೇಳುವುದಿಲ್ಲ. ಗೇಣುದ್ದ ಬೆಳೆದ ಹುಲ್ಲನ್ನು ಇದು ಕತ್ತರಿಸದು. ಮಲಗಿಸಿ ಮುಂದೆ ಹೋಗುತ್ತದೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಗರಿಕೆ ರಾತ್ರಿ ಬೆಳಗಾಗುವುದರೊಳಗೆ ಏಳುತ್ತದೆ. ಆಗ ಹದಿನೈದು ದಿನಕ್ಕೊಮ್ಮೆ ಬಾ ಎಂದರೆ ಆಗದು. ವಾರಕ್ಕೆರಡು ಸಲ, ಮಳೆ ಬಿಟ್ಟು ಹುಲ್ಲು ಒಣಗಿದ ಹೊತ್ತು ನೋಡಿ, ಎತ್ತರದ ಮೂರರಲ್ಲಿ ಒಂದು ಪಾಲು ಮಾತ್ರ ತೆಗೆಯಬೇಕು. ಸಲ ಹೆಚ್ಚಾದರೆ ಕೂಲಿಯೂ ಹೆಚ್ಚಬೇಕು. ಕ್ರಿಕೆಟ್ ಮೈದಾನಕ್ಕೆ ಎಂಜಿನ್ ಬೇಕೇ ಬೇಕು. ಅಲ್ಲಿ ಮನುಷ್ಯನನ್ನು ತಳ್ಳಲು ಹಚ್ಚುವುದು ಎತ್ತಿನ ಕೆಲಸ ಮಾಡಿಸಿದಂತೆ. ಬ್ಯಾಟರಿಯ ಯಂತ್ರ ಕೊಡುತ್ತೇವೆಂದರೆ ಅದಕ್ಕೂ ನಮ್ಮ ಜಗಳವಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವೇ ಸಣ್ಣ ಪೆಟ್ರೋಲು ಎಂಜಿನಿನ ಹೊಸ ತೋಟದ ಯಂತ್ರಗಳ ವಿರುದ್ಧ 2021ರಲ್ಲಿ ಕಾನೂನು ಮಾಡಿತು, 2024ರಿಂದ ನಿಯಮ ಜಾರಿಗೆ ಬಂತು. ಹಣವಂತರ ದೇಶವೇ ಆ ಹೊಗೆ ಸಾಕೆಂದಿತು. ಆರುನೂರು ಚದರಡಿಯ ಹುಲ್ಲಿಗೆ ನಮಗೇಕೆ ಅದು ಬೇಕು?

ಇದರಲ್ಲಿ ನಮ್ಮವರು ಮಾಡಬಹುದಾದದ್ದು ಇದೆ. ಹೊಟೇಲಿನ ಮುಂದಿನ ಹುಲ್ಲನ್ನು ಯಾವ ಹೊತ್ತಿಗೆ ಕೊಯ್ಯಬೇಕು, ಯಾವುದರಿಂದ ಕೊಯ್ಯಬೇಕು ಎಂದು ಮ್ಯಾನೇಜರನ ಕಿವಿಗೆ ಹಾಕಬಹುದು. ಸೊಸೈಟಿಯ ಕಾವಲಿನಲ್ಲಿ ಇರುವವರು ಸೆಕ್ರೆಟರಿಗೆ ಮೂರು ಮಾತು ಹೇಳಬಹುದು: ಸಣ್ಣ ಹುಲ್ಲಿಗೆ ಕೈಯಂತ್ರ ತನ್ನಿ, ಸಾಣೆಯ ಖರ್ಚನ್ನು ಸೊಸೈಟಿಯ ಲೆಕ್ಕದಲ್ಲಿ ಬರೆಯಿರಿ, ಮಾಲಿಯ ಕೂಲಿಯಲ್ಲಿ ಹಿಡಿಯಬೇಡಿ, ಅದರ ತಿರುಪು, ಎಣ್ಣೆ, ಒರೆಸುವಿಕೆಗೆ ಹಿಡಿಯುವ ಹೊತ್ತನ್ನೂ ಕೆಲಸದ ಹೊತ್ತೆಂದು ಎಣಿಸಿ. ಮಾಲಿ ಕನ್ನಡದವನಾಗಿರಲಿ, ಬಿಹಾರದವನಾಗಿರಲಿ, ಕೊಂಕಣದ ಹೆಣ್ಣುಮಗಳಾಗಿರಲಿ, ಈ ಮಾತನ್ನು ಅವರು ಒಬ್ಬರೇ ಆಡಿದರೆ ನಾಳೆ ಇನ್ನೊಬ್ಬರು ಆ ಜಾಗದಲ್ಲಿ ಇರುತ್ತಾರೆ. ಗೇಟಿನವನು, ಅಡಿಗೆಯವನು, ಡ್ರೈವರು ಜೊತೆಗೆ ಆಡಿದರೆ ಅದಕ್ಕೆ ತೂಕ ಬರುತ್ತದೆ.

ದೊಡ್ಡ ಹೋರಾಟಗಳ ಮುಂದೆ ಇದು ಹುಲ್ಲುಕಡ್ಡಿ, ನಿಜ. ಆದರೆ ಮನುಷ್ಯನ ದಿನ ಇಂಥ ಕಡ್ಡಿಗಳಿಂದಲೇ ಆದದ್ದು: ಹರಿತವಾದ ಒಂದು ಅಲಗು, ಮುರಿಯದ ಒಂದು ತೋಳು, ಯಾರೂ ಕೆಡಿಸದ ಎರಡು ಗಂಟೆಯ ನಿದ್ದೆ. ಕೇಳಿದರೆ ಸಿಕ್ಕಬಹುದಾದ ಇವನ್ನೂ ಕೇಳದೆ ಬಿಡುವವರು ದೊಡ್ಡದನ್ನು ಕೇಳುವ ದಿನ ಬಾಯಿ ತೆರೆಯುವುದು ಹೇಗೆ?