ಕಾಂಟಿಯ ಊರಿನಲ್ಲಿ ಒಂದು ಊಟ

ಹುಟ್ಟಿದಂದಿನಿಂದ ಮೀನನ್ನು ಮುಟ್ಟದವನು ಮೀನಿನ ಊಟದ ಮನೆಯ ವಿಷಯವಾಗಿ ಬರೆಯತೊಡಗಿದರೆ ವಾಚಕ ಮಹಾಶಯರು ನಗದೆ ಇರಲಾರರು. ನಗಲಿ, ಈ ತಿಂಗಳು ಬೇರೆ ವಿಷಯವು ಲೇಖನಿಗೆ ಹತ್ತಲೊಲ್ಲದು.

ನನ್ನ ಮಗಳು ಇಟಲಿಯ ಪಡುವಾ ನಗರದಲ್ಲಿ ಉದ್ಯೋಗದಲ್ಲಿರುವಳು. ಕಳೆದ ಕಾರ್ತಿಕ ಮಾಸದಲ್ಲಿ ನಾನು ಅವಳಲ್ಲಿಗೆ ಹೋಗಿದ್ದಾಗ, ಒಂದು ದಿನ ಬಸ್ಸಿನಲ್ಲಿ ಕಿಯೊಜ್ಜ ಎಂಬ ಪಟ್ಟಣಕ್ಕೆ ಕರೆದುಕೊಂಡು ಹೋದಳು. ವೆನಿಸಿನ ಹಿನ್ನೀರಿನ ದಕ್ಷಿಣದ ತುದಿಯಲ್ಲಿರುವ ಇದು ಬೆಸ್ತರ ಊರು. ನಡುವೆ ಕಾಲುವೆ, ಅದರಲ್ಲಿ ದೋಣಿಗಳು, ದಡದಲ್ಲಿ ಮೀನಿನ ಪೇಟೆ. ಗೊಲ್ದೋನಿ ಎಂಬ ನಾಟಕಕಾರನು 1762ರಲ್ಲಿ ಇಲ್ಲಿಯ ಬೆಸ್ತರ ಮನೆಗಳ ಜಗಳಗಳನ್ನೇ ವಸ್ತುವಾಗಿ ಮಾಡಿಕೊಂಡು ಒಂದು ಪ್ರಹಸನವನ್ನು ಆಡಿಸಿದನು. ಪೇಟೆಯ ಗದ್ದಲವನ್ನು ಕೇಳಿದರೆ ಆ ನಾಟಕವಿನ್ನೂ ಮುಗಿದಿಲ್ಲವೆಂದು ತೋರುವುದು.

ನನಗೆ ಅಲ್ಲಿಗೆ ಹೋಗುವ ಉತ್ಸಾಹವುಂಟಾದುದಕ್ಕೆ ಕಾರಣ ಬೇರೆ. 1420ರ ಸುಮಾರಿನಲ್ಲಿ ನಮ್ಮ ವಿಜಯನಗರವನ್ನು ಕಂಡು, ಅದರ ಸುತ್ತಳತೆ 60 ಮೈಲಿಯೆಂದು ಹೇಳಿದ ನಿಕೊಲೊ ಕಾಂಟಿಯು ಹುಟ್ಟಿದ್ದು ಈ ಊರಿನಲ್ಲಿ. ಸಂಸ್ಕೃತದೊಡನೆ ಚರಿತ್ರೆಯನ್ನೂ ಬೋಧಿಸಬೇಕಾಗಿದ್ದ ನಾನು ಆ ಹೆಸರನ್ನು ಎಷ್ಟು ಸಲ ಉಚ್ಚರಿಸಿದ್ದೆನೋ!

ಮಧ್ಯಾಹ್ನ ಕಾಲುವೆಯ ಬದಿಯ ಒಂದು ಚಿಕ್ಕ ಭೋಜನಶಾಲೆಯನ್ನು ಹೊಕ್ಕೆವು. ಗಂಡ ಅಡಿಗೆಯವನು, ಹೆಂಡತಿ ಬಡಿಸುವವಳು. ನಮ್ಮಲ್ಲಿಯಂತೆ ಎಲ್ಲವನ್ನೂ ಒಂದೇ ಎಲೆಗೆ ಬಡಿಸುವ ಕ್ರಮವು ಅಲ್ಲಿಲ್ಲ. ತಣ್ಣನೆಯ ಪದಾರ್ಥಗಳು ಮೊದಲು, ಆಮೇಲೆ ಅನ್ನವೋ ಶಾವಿಗೆಯಂಥದೋ, ಕಡೆಗೆ ಸುಟ್ಟ ಅಥವಾ ಕರಿದ ಮೀನು. ಮೇಜಿಗೆ ಬಟ್ಟೆ ಹಾಸಿ ರೊಟ್ಟಿಯಿಟ್ಟುದಕ್ಕೆ ತಲೆಗಿಷ್ಟು ಎಂದು ಬೇರೆ ಹಣ. ಎಲೆ ಹಾಕಿದ್ದಕ್ಕೂ ಕೂಲಿಯೆ ಎಂದು ನಾನು ಆಶ್ಚರ್ಯಪಡುತ್ತಿರುವಾಗಲೇ, ಆ ಗೃಹಿಣಿಯು ಹೇಳುವುದಕ್ಕೆ ಮುಂಚೆಯೇ ಒಂದು ತಟ್ಟೆಯನ್ನು ತಂದು ನನ್ನ ಮಗಳ ಮುಂದಿರಿಸಿದಳು. ಅದರಲ್ಲಿ ಮೀನಿತ್ತು.

“ಅಣ್ಣ, ನಾನು ಮೀನು ತಿನ್ನುತ್ತೇನೆ. ಹತ್ತು ವರ್ಷವಾಯಿತು. ಹೇಳಬೇಕೆಂದೇ ಇಲ್ಲಿಗೆ ಕರೆದುಕೊಂಡು ಬಂದೆ. ಅಮ್ಮನಿಗೆ ಗೊತ್ತಿತ್ತು,” ಎಂದಳು.

ಅವಳ ತಾಯಿ ತೀರಿಕೊಂಡು ಮೂರು ವರ್ಷಗಳಾದುವು. ಮೀನಿನ ಮಾತು ಹಾಗಿರಲಿ. ಏಳು ವರ್ಷಗಳ ಕಾಲ ಒಂದೇ ಮನೆಯಲ್ಲಿದ್ದು ಆಕೆ ಇದನ್ನು ನನ್ನಿಂದ ಮುಚ್ಚಿಟ್ಟಳಲ್ಲಾ ಎಂಬುದು ಎದೆಗೆ ತಾಗಿತು. ನಾನು ಅಷ್ಟು ಭಯಂಕರನಾಗಿದ್ದೆನೆ? ಶಾಲೆಯ ಹುಡುಗರನ್ನು ಕೇಳಿದರೆ ಹೌದೆನ್ನುವರೇನೋ.

ಬಹಳ ಹೊತ್ತು ಮಾತು ಹೊರಡಲಿಲ್ಲ. ಆಗ ಕಾಂಟಿಯ ಕಥೆಯ ಉಳಿದ ಭಾಗವು ನೆನಪಾಯಿತು. ಪೂರ್ವದೇಶಗಳಲ್ಲಿ ವರ್ಷಾಂತರಗಳು ಅಲೆದ ಆತನು, ಹಿಂದಿರುಗುವಾಗ ಹೆಂಡತಿ ಮಕ್ಕಳ ಪ್ರಾಣಕ್ಕೆ ಅಂಜಿ ಸ್ವಮತವನ್ನು ಬಿಟ್ಟನು. ದೇಶವನ್ನು ಸೇರಿದ ಮೇಲೆ ಪೋಪ್ 4ನೆಯ ಯುಜೀನಿಯಸನಲ್ಲಿ ಕ್ಷಮೆಯನ್ನು ಬೇಡಿದನು. ಕಂಡುದೆಲ್ಲವನ್ನೂ ತನ್ನ ಕಾರ್ಯದರ್ಶಿಯಾದ ಪೊಜ್ಜೊ ಎಂಬವನಿಗೆ ಇದ್ದಂತೆ ಹೇಳುವುದೇ ಪ್ರಾಯಶ್ಚಿತ್ತವೆಂದು ಪೋಪನು ವಿಧಿಸಿದನೆಂಬ ಪ್ರತೀತಿಯಿದೆ. ಪೊಜ್ಜೊ ಅದನ್ನು ಲ್ಯಾಟಿನಿನಲ್ಲಿ ಬರೆದಿಟ್ಟುದರಿಂದಲೇ ವಿಜಯನಗರದ ಆ ವರ್ಣನೆ ನಮಗೆ ದಕ್ಕಿತು.

“ಇನ್ನು ಎಲ್ಲವನ್ನೂ ಹೇಳು. ಮೊದಲು ಊಟಮಾಡು, ಆರಿಹೋಗುವುದು,” ಎಂದೆ.

“ಇದನ್ನು ತಣ್ಣಗೇ ತಿನ್ನುವುದು, ಅಣ್ಣ,” ಎಂದು ಕಣ್ಣೊರಸಿಕೊಂಡು ನಕ್ಕಳು.

ಅದರ ಹೆಸರು ಸಾವೋರ್. ಆ ಸೀಮೆಯ ಮಾತಿನಲ್ಲಿ ರುಚಿಯೆಂದರ್ಥ. ನಮ್ಮ ಕರಾವಳಿಯವರು ಬೂತಾಯಿಯೆನ್ನುವ ಮೀನಿನ ಬಳಗದ್ದನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ ಮೆತ್ತಗೆ ಬೇಯಿಸಿದ ಈರುಳ್ಳಿ, ದ್ರಾಕ್ಷಿಯ ಹುಳಿ, ಒಣದ್ರಾಕ್ಷಿ, ಪೈನ್ ಮರದ ಬೀಜ ಇವುಗಳನ್ನು ಪದರಪದರವಾಗಿ ಹರಡಿ, ಒಂದು ದಿನವಾದರೂ ಇಡುವರು. ಹುಳಿಯಿಂದ ಕೆಡದೆ ನಿಲ್ಲುವುದಾದ್ದರಿಂದ ನಾವಿಕರು ಹಡಗಿಗೆ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಪ್ರಯಾಣಕ್ಕೆ ನಮ್ಮ ಪುಳಿಯೋಗರೆಯು ಒದಗುವುದೂ ಇದೇ ನ್ಯಾಯದಿಂದಲ್ಲವೆ?

ಇಷ್ಟರಲ್ಲಿ ಆ ಗೃಹಿಣಿಯು ನನ್ನ ಬರಿಯ ತಟ್ಟೆಯನ್ನು ನೋಡಿದಳು. ಮಗಳು ಏನನ್ನೋ ಹೇಳಿದಳು. ಆಕೆ ಒಳಗೆ ಹೋಗಿ, ಆ ಊರಿನ ಗಂಟುಗಂಟು ಸಿಪ್ಪೆಯ ಕುಂಬಳಕಾಯಿಯಿಂದ ಮಾಡಿದ ಸಾವೋರನ್ನೂ, ಬಿಳಿಯ ಮುಸುಕಿನ ಜೋಳದ ಹಿಟ್ಟಿನ ಮೆತ್ತನೆಯ ಮುದ್ದೆಯನ್ನೂ ತಂದು ಬಡಿಸಿ, ನಾನು ಬಾಯಿಗಿಡುವವರೆಗೂ ಅಲ್ಲಿಯೇ ನಿಂತಿದ್ದಳು. ಈರುಳ್ಳಿಯ ವ್ರತವು ವಿದ್ಯಾರ್ಥಿನಿಲಯದಲ್ಲಿಯೇ ಮುರಿದಿತ್ತಾಗಿ ಅಡ್ಡಿಯಿರಲಿಲ್ಲ. ನನ್ನ ಹೆಂಡತಿಯು ಮಾಡುತ್ತಿದ್ದ ಕುಂಬಳಕಾಯಿಯ ಗೊಜ್ಜಿಗೆ ಬಹಳ ಸಮೀಪವಾಗಿತ್ತು. ಎರಡು ಸಲ ಹಾಕಿಸಿಕೊಂಡೆ.

ಮಗಳು ಹೇಳುತ್ತಲೇ ಇದ್ದಳು. ಮೂರು ಗಂಟೆಯ ಬಸ್ಸು ತಪ್ಪಿಹೋಯಿತು.